ರೋಮನ್ ನಾಣ್ಯ ಕೂಡಿಸಬೇಕು ಅನ್ನುವವರಿಗೆ: ಮೊದಲು ಯಾವುದು, ಯಾವುದು ಬೇಡವೇ ಬೇಡ

ಪ್ರಶ್ನೆ: ಸರ್, ನಾನು ಹಾನಗಲ್ ಕಡೆಯವಳು. ಕೆಲಸದ ಮೇಲೆ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಕೆಲವು ವರ್ಷಗಳಾದವು. ಇಲ್ಲಿನ ಮ್ಯೂಸಿಯಂನಲ್ಲಿ ರೋಮನ್ ನಾಣ್ಯ ನೋಡಿದಾಗಿನಿಂದ ಅದರದ್ದೇ ಹುಚ್ಚು. ತಿಂಗಳಿಗೆ ಐವತ್ತು ಅರವತ್ತು ಪೌಂಡ್ ತೆಗೆದಿಡಬಲ್ಲೆ. ಆನ್‌ಲೈನ್‌ನಲ್ಲಿ ಮಣ್ಣು ಮೆತ್ತಿದ, ತೊಳೆಯದ ರೋಮನ್ ನಾಣ್ಯಗಳ ಚೀಲ ತುಂಬಾ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲಾ? ಬೈಜಾಂಟೈನ್ ನಾಣ್ಯ ಕಷ್ಟ ಅಂತಾರೆ, ನಿಜವಾ? ನಕಲಿ ಗುರುತಿಸೋದು ಹೇಗೆ? ಹಳೇ ಸಾಮಾನಿನ ಸಂತೆಯಲ್ಲಿ ನೀರೋ ಮುಖ ಇರುವ ದೊಡ್ಡ ಕಂಚಿನ ಬಿಲ್ಲೆ ಕಂಡೆ, ಅದು ನಾಣ್ಯವೋ ಪದಕವೋ? ನಮ್ಮ ಅಕ್ಕಿಆಲೂರಿನಲ್ಲೂ ರೋಮನ್ ನಾಣ್ಯ ಸಿಕ್ಕಿತ್ತು ಅಂತ ಅಜ್ಜ ಹೇಳುತ್ತಿದ್ದರು, ಹೌದಾ? ಕೂಡಿಸಿದ್ದನ್ನು ಮುಂದೆ ಊರಿಗೆ ತರಬಹುದಾ?

ಉತ್ತರ: ಚೀಲ ಬೇಡ. ಅದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನೀವು ದುಡ್ಡು ಹಾಕುವ ಮೊದಲೇ ಈ ಮಾತು ಹೇಳಬೇಕು.

ಆ ಚೀಲದಲ್ಲಿ ಏನೋ ಅಪರೂಪದ್ದು ಸಿಕ್ಕೀತು ಅನ್ನೋ ಆಸೆಯನ್ನೇ ಅವರು ಮಾರುವುದು. ಮಣ್ಣು ಮೆತ್ತಿದ್ದರೂ ಒಳಗಡೆ ಏನಿದೆ ಅಂತ ನುರಿತ ಕಣ್ಣಿಗೆ ಗೊತ್ತಾಗುತ್ತದೆ. ಬೆಳ್ಳಿ, ದೊಡ್ಡ ಹಿತ್ತಾಳೆ ನಾಣ್ಯ, ಮುಖ ಚೆನ್ನಾಗಿ ಉಳಿದಿರೋದು, ಇವನ್ನೆಲ್ಲ ಮೊದಲೇ ಆರಿಸಿ ಬೇರೆ ಮಾರಿರುತ್ತಾರೆ. ನಿಮ್ಮ ಕೈಗೆ ಬರುವುದು ನಾಲ್ಕನೇ ಶತಮಾನದ ಸವೆದ ತಾಮ್ರದ ಚೂರುಗಳು. ವಾರಗಟ್ಟಲೆ ನೆನೆಸಿ ಉಜ್ಜಿದರೂ ಒಂದಕ್ಷರ ಕಾಣದವೇ ಜಾಸ್ತಿ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಇಂಥ ಚೀಲಗಳಲ್ಲಿ ಬಹಳಷ್ಟು ಬಾಲ್ಕನ್ ದೇಶಗಳ ಮತ್ತು ಪಶ್ಚಿಮ ಏಷ್ಯಾದ ಹೊಲಗಳಿಂದ ರಾತ್ರೋರಾತ್ರಿ ಮೆಟಲ್ ಡಿಟೆಕ್ಟರ್ ಹಿಡಿದು ಅಗೆದವು. ಒಂದು ಸಣ್ಣ ತಾಮ್ರದ ಕಾಸು ಸುಟ್ಟ ಮನೆಯೊಂದರ ನೆಲದ ಮೇಲೆ, ಒಡೆದ ಮಡಕೆಯ ಪಕ್ಕ ಬಿದ್ದಿತ್ತು ಅಂದುಕೊಳ್ಳಿ. ಅದು ಅಲ್ಲೇ ಇದ್ದಿದ್ದರೆ ಆ ಮನೆ ಯಾವ ಹೊತ್ತಿಗೆ ಸುಟ್ಟಿತು ಅಂತ ಉತ್ಖನನ ಮಾಡುವವರಿಗೆ ಗೊತ್ತಾಗುತ್ತಿತ್ತು. ಕಿತ್ತು ಚೀಲಕ್ಕೆ ಹಾಕಿದ ಕ್ಷಣಕ್ಕೆ ಆ ಮಾಹಿತಿ ಹೋಯಿತು. ಯಾರು ಎಷ್ಟು ದುಡ್ಡು ಕೊಟ್ಟರೂ ಅದು ವಾಪಸ್ ಬರುವುದಿಲ್ಲ. ಇಪ್ಪತ್ತು ಪೌಂಡಿನ ಆಸೆಗೆ ಈ ಕೆಲಸಕ್ಕೆ ನಾವು ಗಿರಾಕಿ ಆಗಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಏನು ತಗೊಳ್ಳಬೇಕು? ಒಂದೇ ನಾಣ್ಯ. ಗುರುತಿಸಿ ಚೀಟಿ ಹಾಕಿರುವ, ಎಲ್ಲಿಂದ ಬಂತು ಅಂತ ಬರೆದುಕೊಡುವ ಅಂಗಡಿಯಿಂದ. ಲಂಡನ್ನಿನಲ್ಲೇ ಆಗಬೇಕೆಂದಿಲ್ಲ. ಬಿಎನ್‌ಟಿಎ ಅನ್ನುವ ಬ್ರಿಟಿಷ್ ನಾಣ್ಯ ವ್ಯಾಪಾರಿಗಳ ಸಂಘ ಇದೆ, ಅದರ ಸದಸ್ಯರು ಅಸಲಿತನದ ಖಾತ್ರಿ ಕೊಟ್ಟೇ ಮಾರಬೇಕು. ಅಲ್ಲಿಂದ ಶುರು ಮಾಡಿ.

ಮೊದಲ ನಾಣ್ಯ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ್ದಾಗಿರಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕ್ರಿ.ಶ. 330ರಲ್ಲಿ ಅವನು, ಈಗ ಇಸ್ತಾಂಬುಲ್ ಅನ್ನುವ ಕಾನ್‌ಸ್ಟಾಂಟಿನೋಪಲ್ ಅನ್ನು ಹೊಸ ರಾಜಧಾನಿಯಾಗಿ ಉದ್ಘಾಟಿಸಿದ. ಆ ಸುಮಾರಿಗೆ ಜೋಡಿ ತಾಮ್ರದ ನಾಣ್ಯ ಹೊರಟವು. ಒಂದರ ಮೇಲೆ ಶಿರಸ್ತ್ರಾಣ ತೊಟ್ಟ ರೋಮಾ ದೇವಿ, ಹಿಂದೆ ಇಬ್ಬರು ಅವಳಿ ಮಕ್ಕಳಿಗೆ ಹಾಲೂಡಿಸುವ ತೋಳ, ಅದರ ಮೇಲೆ ಎರಡು ನಕ್ಷತ್ರ. ಇನ್ನೊಂದರ ಮೇಲೆ ಹೊಸ ರಾಜಧಾನಿಯನ್ನೇ ದೇವಿಯಾಗಿಸಿದ ಮುಖ, ಹಿಂದೆ ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವತೆ. ಹಳೇ ರೋಮ್, ಹೊಸ ರೋಮ್ ಎರಡೂ ಒಂದೇ ಅಳತೆಯಲ್ಲಿ. ಸುಮಾರು 17 ಮಿಲಿಮೀಟರ್ ಅಗಲ, ಎರಡೂವರೆ ಗ್ರಾಂ ತೂಕ. ಒಳ್ಳೆಯದು ಹದಿನೈದರಿಂದ ಮೂವತ್ತು ಪೌಂಡಿಗೆ ಸಿಗುತ್ತದೆ. ಒಂದು ತಿಂಗಳ ದುಡ್ಡಿನಲ್ಲಿ ಎರಡನ್ನೂ ತಗೊಳ್ಳಬಹುದು.

ತೋಳದ ಕಾಲ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ನಾಲ್ಕೈದು ಅಕ್ಷರ ಇರುತ್ತವೆ. ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ. ಅದೇ ಟಂಕಸಾಲೆಯ ಗುರುತು. ಟಿಆರ್ ಅಂತಿದ್ದರೆ ಈಗ ಜರ್ಮನಿಯಲ್ಲಿರುವ ಟ್ರಿಯರ್. ಎಸ್‌ಎಂಎಎನ್ ಅಂತಿದ್ದರೆ ಆ ಕಾಲದ ಸಿರಿಯಾ ಪ್ರಾಂತ್ಯದ ಆಂಟಿಯೋಕ್. ಜೊತೆಗೆ ಟಂಕಸಾಲೆಯ ಯಾವ ವಿಭಾಗದ್ದು ಅನ್ನೋದಕ್ಕೂ ಒಂದಕ್ಷರ ಇರುತ್ತದೆ. ಲಂಡನ್ನಿನಲ್ಲೂ ಟಂಕಸಾಲೆ ಇತ್ತು, 325ರಲ್ಲಿ ಮುಚ್ಚಿತು. ಹಾಗಾಗಿ ಈ ತೋಳದ ನಾಣ್ಯ ಲಂಡನ್ನಿನದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲಂಡನ್ನಿನದೇ ಬೇಕು ಅನಿಸಿದರೆ ಕಾನ್‌ಸ್ಟಂಟೈನ್‌ನ ಸ್ವಲ್ಪ ಹಿಂದಿನ ನಾಣ್ಯ ನೋಡಿ: ಹಿಂದೆ ಸೂರ್ಯದೇವ ನಿಂತಿರುತ್ತಾನೆ, ಕೆಳಗೆ ಪಿಎಲ್‌ಎನ್ ಅಂತ ಮೂರಕ್ಷರ. ನೀವು ಬದುಕುತ್ತಿರುವ ನಾಡಿನಲ್ಲೇ ಟಂಕಿಸಿದ್ದು.

ಇನ್ನೊಂದು ವಿಷಯ. 340ರ ದಶಕದಲ್ಲಿ ಬ್ರಿಟನ್ನಿಗೆ ಸರ್ಕಾರಿ ಚಿಲ್ಲರೆ ಸರಿಯಾಗಿ ಬರುತ್ತಿರಲಿಲ್ಲ, ಜನ ತಾವೇ ಇದೇ ತೋಳದ ನಾಣ್ಯವನ್ನು ಸಣ್ಣದಾಗಿ, ವಕ್ರವಾಗಿ ಮಾಡಿಕೊಂಡರು. ತೋಳ ಎಲ್ಲೋ, ಮಕ್ಕಳು ಎಲ್ಲೋ, ಅಕ್ಷರದ ಜಾಗದಲ್ಲಿ ಬರೀ ಗೆರೆ. ಇವು ಆ ಕಾಲದ್ದೇ ನಕಲು, ಈಗ ಸಂಗ್ರಹಕಾರರು ಹುಡುಕಿಕೊಂಡು ಹೋಗಿ ತಗೊಳ್ಳುತ್ತಾರೆ. ನನಗೂ ಇವೆಂದರೆ ಪ್ರೀತಿ. ಸಂತೆಯಲ್ಲಿ ಚಿಲ್ಲರೆ ಇಲ್ಲದೆ ಪರದಾಡಿದ ಜನ ಕಣ್ಣಮುಂದೆ ಬರುತ್ತಾರೆ.

ಎರಡನೇ ತಿಂಗಳಿಗೆ ಬೆಳ್ಳಿ. ದಿನಾರಿಯಸ್ ಅನ್ನುವ ರೋಮನ್ ಬೆಳ್ಳಿ ನಾಣ್ಯ ಒಂದು ಕೈಯಲ್ಲಿ ಹಿಡಿಯದೆ ರೋಮ್ ಪೂರ್ತಿ ಅರ್ಥವಾಗುವುದಿಲ್ಲ. ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ಒಂದು ನಾಣ್ಯ ಹೇಳುತ್ತೇನೆ, ಮಾರುಕಟ್ಟೆಯಲ್ಲಿ ಸಾಕಷ್ಟಿದೆ. ಮುಂದೆ ಗಡ್ಡದ ಮುಖ. ಹಿಂದೆ ರೆಕ್ಕೆಯ ವಿಜಯದೇವತೆ ಈಚಲು ಮರಕ್ಕೆ ಒಂದು ಗುರಾಣಿ ತಗುಲಿಸುತ್ತಿದ್ದಾಳೆ. ಗುರಾಣಿಯ ಮೇಲೆ ಎರಡು ಸಾಲಿನಲ್ಲಿ ಆರೇ ಅಕ್ಷರ: ವಿಕ್, ಪಾರ್. ಇರಾನ್ ಕಡೆಯ ಪಾರ್ಥಿಯನ್ನರ ಮೇಲೆ ಗೆಲುವು ಅಂತ. ಸುತ್ತ ಟಿಆರ್ ಪಿ, ಅದರ ಮುಂದೆ ಎರಡು ಎಕ್ಸ್. ಅಂದರೆ ಅವನಿಗೆ ಟ್ರಿಬ್ಯೂನ್ ಅನ್ನುವ ಜನಪ್ರತಿನಿಧಿಯ ಅಧಿಕಾರ 20ನೇ ಸಲ ನವೀಕರಣವಾದ ವರ್ಷ. ಇದು ವರ್ಷಕ್ಕೊಮ್ಮೆ ಆಗುತ್ತಿದ್ದದ್ದರಿಂದ ಲೆಕ್ಕ ಹಾಕಿದರೆ 166ನೇ ಇಸವಿ ಬರುತ್ತದೆ. ಆ ಕಾಲದ ಹಲವು ಚಕ್ರವರ್ತಿಗಳ ನಾಣ್ಯಕ್ಕೂ ಹೀಗೇ ಲೆಕ್ಕ. ನಾಣ್ಯದ ಮೇಲೆ ಇಸವಿ ಇಲ್ಲ ಅಂತ ಬೇಜಾರಾಗುವುದು ಬೇಡ, ಬಿರುದುಗಳ ಸಂಖ್ಯೆಯೇ ಇಸವಿ. ಆ ಗೆಲುವಿನಿಂದ ವಾಪಸ್ ಬಂದ ಸೈನಿಕರೇ ರೋಮಿಗೆ ದೊಡ್ಡ ಸಾಂಕ್ರಾಮಿಕವನ್ನೂ ತಂದರು ಅನ್ನೋದು ಗೊತ್ತಿದ್ದರೆ, ಆ ದೇವತೆಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಇದಕ್ಕೆ ನಿಮ್ಮ ಒಂದೂವರೆ ತಿಂಗಳ ದುಡ್ಡು ಬೇಕಾಗಬಹುದು, ಕಾಯಿರಿ.

ಬೆಳ್ಳಿಯಲ್ಲಿ ಇನ್ನೊಂದು ದಾರಿಯೂ ಇದೆ, ಲೋಹ ಕೆಟ್ಟ ಕತೆ. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ದಿನಾರಿಯಸ್ ಹೆಚ್ಚುಕಡಿಮೆ ಶುದ್ಧ ಬೆಳ್ಳಿ. 64ರಲ್ಲಿ ನೀರೋ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಮೂರನೇ ಶತಮಾನದ ಆರಂಭದ ಹೊತ್ತಿಗೆ ಅರ್ಧಕ್ಕರ್ಧ ತಾಮ್ರ. 215ರಲ್ಲಿ ಕ್ಯಾರಕಲ್ಲಾ ಒಂದು ಹೊಸ ನಾಣ್ಯ ತಂದ, ಚಕ್ರವರ್ತಿಯ ತಲೆಗೆ ಸೂರ್ಯಕಿರಣದ ಕಿರೀಟ, ಎರಡು ದಿನಾರಿಯಸ್ ಬೆಲೆ ಅಂತ ನಂಬಿಕೆ, ಆದರೆ ತೂಕ ಒಂದೂವರೆಯಷ್ಟೇ. 270ರ ಹೊತ್ತಿಗೆ ಅದೂ ಬೆಳ್ಳಿಯ ತೆಳು ಲೇಪದ ತಾಮ್ರ. ಗೋರ್ಡಿಯನ್ 3ರದ್ದೊಂದು, ಗಾಲಿಯೆನಸ್‌ನದ್ದೊಂದು, ಕ್ಲಾಡಿಯಸ್ 2ರದ್ದೊಂದು, ಮೂರನ್ನು ಸಾಲಾಗಿ ಇಟ್ಟರೆ ಮೂವತ್ತು ವರ್ಷದಲ್ಲಿ ಒಂದು ಸಾಮ್ರಾಜ್ಯದ ಬೊಕ್ಕಸ ಬರಿದಾದದ್ದು ಬರಿಗಣ್ಣಿಗೇ ಕಾಣುತ್ತದೆ. ಮೂರಕ್ಕೂ ಸೇರಿ ಎರಡು ತಿಂಗಳ ದುಡ್ಡು ಸಾಕು.

ಈಗ ಬೈಜಾಂಟೈನ್, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಪೂರ್ವ ರೋಮನ್ ಸಾಮ್ರಾಜ್ಯದ ನಾಣ್ಯ. ಕಷ್ಟ ಅಂತ ಯಾರು ಹೇಳಿದರೋ ಗೊತ್ತಿಲ್ಲ, ನನ್ನ ಪ್ರಕಾರ ಓದಲು ಇದಕ್ಕಿಂತ ಸುಲಭದ್ದಿಲ್ಲ. ಮುಖಗಳು ರೋಮನ್ ನಾಣ್ಯದಷ್ಟು ಜೀವಂತ ಅಲ್ಲ ಅನ್ನೋದು ನಿಜ, ಆ ಕಾರಣಕ್ಕೇ ಜನ ದೂರ ಇಡುತ್ತಾರೆ, ಆ ಕಾರಣಕ್ಕೇ ಅಗ್ಗವಾಗಿಯೂ ಇದೆ.

498ರಲ್ಲಿ ಚಕ್ರವರ್ತಿ ಅನಸ್ತಾಸಿಯಸ್ ತಾಮ್ರದ ನಾಣ್ಯಕ್ಕೆ ಒಂದು ಹೊಸ ವ್ಯವಸ್ಥೆ ತಂದ. ಅದಕ್ಕೂ ಮೊದಲು ಜನರ ಕೈಯಲ್ಲಿದ್ದದ್ದು ಉಗುರಿನಷ್ಟು ಸಣ್ಣ ನುಮ್ಮಸ್, ಸಂತೆಗೆ ಹೋಗಲು ಮುಷ್ಟಿಗಟ್ಟಲೆ ಬೇಕಿತ್ತು. ಅವನು ದೊಡ್ಡ ನಾಣ್ಯ ಮಾಡಿ, ಹಿಂಬದಿಯಲ್ಲಿ ಬೆಲೆಯನ್ನು ದಪ್ಪ ಅಕ್ಷರದಲ್ಲಿ ಹೊಡೆಸಿದ. ಗ್ರೀಕರು ಅಕ್ಷರಗಳನ್ನೇ ಅಂಕಿಯಾಗಿ ಬಳಸುತ್ತಿದ್ದರು. ಎಂ ಅಂದರೆ 40, ಕೆ ಅಂದರೆ 20, ಐ ಅಂದರೆ 10, ಇ ಅಂದರೆ 5. ಎಂ ಇರುವ, ಅಂದರೆ 40 ನುಮ್ಮಸ್ ಬೆಲೆಯ ನಾಣ್ಯವೇ ಫೋಲಿಸ್.

ಜಸ್ಟಿನಿಯನ್ನನ ಫೋಲಿಸ್ ಒಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅವನು 527ರಲ್ಲಿ ಪಟ್ಟಕ್ಕೆ ಬಂದವನು. ಆಳ್ವಿಕೆಯ 12ನೇ ವರ್ಷದಿಂದ, ಅಂದರೆ 538ರ ಸುಮಾರಿಗೆ, ನಾಣ್ಯದ ರೂಪವೇ ಬದಲಾಯಿತು. ಪಕ್ಕಕ್ಕೆ ತಿರುಗಿದ್ದ ಮುಖ ನೇರವಾಗಿ ನಿಮ್ಮನ್ನೇ ನೋಡತೊಡಗಿತು. ತಲೆಗೆ ಶಿರಸ್ತ್ರಾಣ, ಬಲಗೈಯಲ್ಲಿ ಶಿಲುಬೆ ನೆಟ್ಟ ಗೋಳ, ಎಡಕ್ಕೆ ಗುರಾಣಿ. ತಿರುಗಿಸಿದರೆ ನಡುವೆ ದೊಡ್ಡ ಎಂ. ಎಂ ನ ಎಡಕ್ಕೆ ಮೇಲಿನಿಂದ ಕೆಳಕ್ಕೆ ಎ, ಎನ್, ಎನ್, ಓ ಅಂತ ನಾಲ್ಕಕ್ಷರ, ಅಂದರೆ ವರ್ಷ. ಬಲಕ್ಕೆ ವರ್ಷದ ಸಂಖ್ಯೆ, ಎಕ್ಸ್ ಕೆಳಗೆ ಎರಡು ಗೀಟು. ಎಂ ನ ಕಾಲುಗಳ ನಡುವೆ ಟಂಕಸಾಲೆಯ ವಿಭಾಗ ತೋರಿಸುವ ಗ್ರೀಕ್ ಅಕ್ಷರ. ತೀರಾ ಕೆಳಗೆ ಊರು: ಸಿಓಎನ್ ಅಂದರೆ ಕಾನ್‌ಸ್ಟಾಂಟಿನೋಪಲ್, ಎನ್‌ಐಕೆ ಅಂತ ಶುರುವಾದರೆ ನಿಕೊಮೀಡಿಯಾ, ಕೆವೈಝಡ್ ಅಂದರೆ ಸಿಜಿಕಸ್. ಆಂಟಿಯೋಕಿನ ನಾಣ್ಯದಲ್ಲಿ ಮಾತ್ರ ಆಂಟಿಯೋಕ್ ಅಂತ ಇರುವುದಿಲ್ಲ. 528ರ ಭೂಕಂಪದ ಮೇಲೆ ಆ ಊರಿಗೆ ದೇವರ ಪಟ್ಟಣ ಅನ್ನೋ ಅರ್ಥದಲ್ಲಿ ಥಿಯೂಪೋಲಿಸ್ ಅಂತ ಹೆಸರಿಟ್ಟರು, ನಾಣ್ಯದ ಮೇಲೂ ಅದೇ ಬಂತು. ನೋಡಿ, ಬೆಲೆ, ವರ್ಷ, ವಿಭಾಗ, ಊರು ಎಲ್ಲ ಒಂದೇ ಮುಖದಲ್ಲಿ. ಯಾವ ಪುಸ್ತಕವೂ ಬೇಡ, ನೀವೇ ಓದಿಬಿಡುತ್ತೀರಿ. ಈ 12, 13ನೇ ವರ್ಷದ ಫೋಲಿಸ್‌ಗಳು 20 ಗ್ರಾಂ ದಾಟುತ್ತವೆ, ಸುಮಾರು 40 ಮಿಲಿಮೀಟರ್ ಅಗಲ. ಮುಂದೆ ಪ್ಲೇಗು, ಯುದ್ಧ, ಖಜಾನೆಯ ಒತ್ತಡ ಎಲ್ಲ ಸೇರಿ ತೂಕ ಇಳಿಯುತ್ತಲೇ ಹೋಯಿತು. ಆಳ್ವಿಕೆಯ ಬೇರೆ ಬೇರೆ ವರ್ಷದ ನಾಲ್ಕು ಫೋಲಿಸ್ ಕೂಡಿಸಿ ತೂಗಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಸಾಧಾರಣ ಸ್ಥಿತಿಯದ್ದು ಐವತ್ತು ಪೌಂಡ್ ಆಸುಪಾಸಿಗೆ ಸಿಗುತ್ತದೆ, ತುಂಬಾ ಚಂದ ಉಳಿದದ್ದಾದರೆ ಅದರ ಎರಡರಷ್ಟು, ಮೂರರಷ್ಟು.

ಹೆರಾಕ್ಲಿಯಸ್ ಕಾಲಕ್ಕೆ, ಅಂದರೆ 610ರಿಂದ 641, ಪರ್ಷಿಯನ್ನರ ಜೊತೆ ಯುದ್ಧದಲ್ಲಿ ಟಂಕಸಾಲೆಗೆ ಹೊಸ ಬಿಲ್ಲೆ ಎರಕ ಹೊಯ್ಯಲೂ ಪುರುಸೊತ್ತಿಲ್ಲ. ಹಳೇ ನಾಣ್ಯದ ಮೇಲೇ ಹೊಸ ಅಚ್ಚು ಒತ್ತಿದರು. ಹೆರಾಕ್ಲಿಯಸ್‌ನ ಗಡ್ಡದೊಳಗಿಂದ ಹಿಂದಿನ ಚಕ್ರವರ್ತಿಯ ಹೆಸರಿನ ತುಂಡು ಇಣುಕುತ್ತದೆ. ಅಂಗಡಿಯವರು ಇದನ್ನು ಕುರೂಪ ಅಂತ ಕಡಿಮೆ ಬೆಲೆಗೆ ಕೊಡುತ್ತಾರೆ, ನೀವು ಖುಷಿಯಿಂದ ತಗೊಳ್ಳಿ. ಇನ್ನೂ ಮುಂದೆ, 970ರ ಸುಮಾರಿನಿಂದ 1092ರ ತನಕ, ಚಕ್ರವರ್ತಿಯ ಹೆಸರೇ ಇಲ್ಲದ ತಾಮ್ರದ ಫೋಲಿಸ್ ಬಂತು. ಮುಂದೆ ಕ್ರಿಸ್ತನ ಮುಖ, ಹಿಂದೆ ಯೇಸು ಕ್ರಿಸ್ತ ರಾಜರ ರಾಜ ಅನ್ನೋ ಬರಹ. ದೊಡ್ಡದು, ದಪ್ಪದ್ದು, ಮೂವತ್ತು ನಲವತ್ತು ಪೌಂಡಿಗೆ ಧಾರಾಳ. ಬೈಜಾಂಟೈನ್ ಚಿನ್ನಕ್ಕೆ ಸದ್ಯ ಕೈ ಹಾಕಬೇಡಿ, ಲೋಹದ ಬೆಲೆಯೇ ನೂರಾರು ಪೌಂಡ್ ಆಗಿದೆ.

ನಿಮ್ಮ ಊರಿನ ಹತ್ತಿರವೇ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಬಾರ್ಬರ್ ಇನ್‌ಸ್ಟಿಟ್ಯೂಟ್ ಇದೆ. ಬೈಜಾಂಟೈನ್ ನಾಣ್ಯದಲ್ಲಿ ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಅದೂ ಒಂದು. ಏನನ್ನೂ ಕೊಳ್ಳುವ ಮೊದಲು ಒಂದು ಶನಿವಾರ ಅಲ್ಲಿಗೆ ಹೋಗುವ ಯೋಜನೆ ಹಾಕಿ, ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ಕಣ್ಣಿಗೆ ಅಸಲಿ ಅಭ್ಯಾಸವಾದಷ್ಟೂ ನಕಲಿ ಚುಚ್ಚುತ್ತದೆ.

ನಕಲಿ ವಿಷಯಕ್ಕೇ ಬರೋಣ. ಎರಡು ಸಾಮಾನು ತಗೊಳ್ಳಿ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ರೋಮನ್ ನಾಣ್ಯ ಕೈಯಲ್ಲಿ ಸುತ್ತಿಗೆ ಹೊಡೆದು ಮಾಡಿದ್ದು. ಹೊಡೆತಕ್ಕೆ ಲೋಹ ಹೊರಕ್ಕೆ ಹರಿದ ಗೆರೆಗಳು ಅಕ್ಷರದ ಸುತ್ತ ಕಾಣುತ್ತವೆ, ಅಂಚಿನಲ್ಲಿ ಸೀಳು ಬಿಟ್ಟಿರುತ್ತದೆ, ಚಿತ್ರ ಒಂದು ಕಡೆಗೆ ಜಾರಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಇದ್ಯಾವುದೂ ಇಲ್ಲ. ಅಕ್ಷರಗಳು ಕರಗಿದ ಸೋಪಿನ ಹಾಗೆ ಮೊಂಡು, ಮೈಮೇಲೆ ಸಣ್ಣ ಸಣ್ಣ ಗುಳ್ಳೆ, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ ಅಥವಾ ಅದನ್ನು ಅರ ಹಾಕಿ ಉಜ್ಜಿದ ಗುರುತು. ತೂಕ ತಾಳೆ ಆಗುವುದಿಲ್ಲ. ಅಂಚನ್ನು ನೋಡುವುದನ್ನು ಮಾತ್ರ ಬಿಡಬೇಡಿ, ಮಾರುವವರು ಅಂಚಿನ ಫೋಟೋ ಹಾಕದಿದ್ದರೆ ಕೇಳಿ ಪಡೆಯಿರಿ.

ಕಷ್ಟದ ನಕಲಿ ಬೇರೆ ಇದೆ: ಅಸಲಿಯಿಂದ ಅಚ್ಚು ತೆಗೆದು ಯಂತ್ರದಲ್ಲಿ ಒತ್ತಿದ್ದು. ಅದಕ್ಕೆ ಹರಿವಿನ ಗೆರೆಯೂ ಇರುತ್ತದೆ. ಹಿಡಿಯುವ ದಾರಿ ಹೋಲಿಕೆ. ಕೈಯಲ್ಲಿ ಹೊಡೆದ ಎರಡು ನಾಣ್ಯಕ್ಕೆ ಅಚ್ಚು ಒಂದೇ ಇರಬಹುದು, ಆದರೆ ಬಿಲ್ಲೆಯ ಆಕಾರ, ಸವೆತ, ಗೀರು ಎಲ್ಲ ಒಂದೇ ಥರ ಇರಲು ಸಾಧ್ಯವೇ ಇಲ್ಲ. ಒಂದೇ ಜಾಗದಲ್ಲಿ ಒಂದೇ ಗೀರು ಇರುವ ಎರಡು ನಾಣ್ಯ ಕಂಡರೆ, ಕನಿಷ್ಠ ಒಂದು ಸುಳ್ಳು, ಬಹುಶಃ ಎರಡೂ. ಹಳೇ ಹರಾಜುಗಳ ಫೋಟೋ ಸಂಗ್ರಹ ಆನ್‌ಲೈನ್‌ನಲ್ಲಿ ಇವೆ, ರೋಮನ್ ಸಾಮ್ರಾಜ್ಯದ ನಾಣ್ಯಕ್ಕೆ ಓಸಿಆರ್‌ಇ ಅನ್ನುವ ಉಚಿತ ಸೂಚಿಯೂ ಇದೆ. ಕೊಳ್ಳುವ ಮೊದಲು ಅರ್ಧ ಗಂಟೆ ಅಲ್ಲಿ ಹುಡುಕಿ. ಜರ್ಮನಿಯ ಬೆಕರ್ ಅನ್ನುವವನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಕೈಯಾರೆ ಅಚ್ಚು ಕೊರೆದು ಪ್ರಾಚೀನ ನಾಣ್ಯಗಳನ್ನು ಮಾಡಿ ದೊಡ್ಡ ದೊಡ್ಡವರನ್ನೇ ಯಾಮಾರಿಸಿದ್ದ, ಅವನ ಅಚ್ಚುಗಳು ಈಗ ಬರ್ಲಿನ್‌ನಲ್ಲಿವೆ. ಈ ಕಸುಬು ಹೊಸದೇನಲ್ಲ.

ನೀವು ನೋಡಿದ ನೀರೋ ಬಿಲ್ಲೆಗೂ ಇಂಥದ್ದೇ ಹಿನ್ನೆಲೆ ಇರಬಹುದು. ಹದಿನಾರನೇ ಶತಮಾನದಲ್ಲಿ ಇಟಲಿಯ ಪಡುವಾದಲ್ಲಿ ಜೊವಾನ್ನಿ ಡ ಕವೀನೋ ಅಂತ ಒಬ್ಬ ಕುಶಲಕರ್ಮಿ ಇದ್ದ. ರೋಮನ್ನರ ದೊಡ್ಡ ಹಿತ್ತಾಳೆ ನಾಣ್ಯ ಸೆಸ್ಟರ್ಟಿಯಸ್ ಮಾದರಿಯಲ್ಲಿ ಅತಿ ಚಂದದ ಪದಕಗಳನ್ನು ಮಾಡಿದ. ಅವು ಎಷ್ಟು ಪ್ರಸಿದ್ಧವಾದವು ಅಂದರೆ, ಮುಂದಿನವರು ಅವನ್ನೇ ಎರಕ ಹೊಯ್ದು ಹೊಯ್ದು ಶತಮಾನಗಟ್ಟಲೆ ಮಾರಿದರು. ಸಂತೆಯಲ್ಲಿ ಸಿಗುವುದು ಹೆಚ್ಚಾಗಿ ಆ ಎರಕದ ಎರಕ. ಬಿಲ್ಲೆ ಅತಿಯಾಗಿ ದುಂಡಗಿದ್ದರೆ, ಅಕ್ಷರಗಳು ಅಳತೆಗೋಲು ಇಟ್ಟು ಬರೆದಷ್ಟು ಸಮವಾಗಿದ್ದರೆ, ಅದು ರೋಮನ್ ಅಲ್ಲ. ಹತ್ತು ಹದಿನೈದು ಪೌಂಡಿಗೆ ಕೊಡುವುದಾದರೆ ಪದಕ ಅಂತಲೇ ತಗೊಳ್ಳಿ, ತಪ್ಪಿಲ್ಲ.

ಪದಕಗಳ ಕಡೆಗೆ ಮನಸ್ಸು ಎಳೆದರೆ ಎರಡನ್ನು ಹೇಳಲೇಬೇಕು. 1438ರಲ್ಲಿ ತುರ್ಕರ ವಿರುದ್ಧ ಸಹಾಯ ಬೇಡಿಕೊಂಡು ಬೈಜಾಂಟೈನ್ ಚಕ್ರವರ್ತಿ ಜಾನ್ 8 ಇಟಲಿಯ ಫೆರಾರಾಕ್ಕೆ ಬಂದ. ಪಿಸಾನೆಲ್ಲೋ ಅನ್ನುವ ಚಿತ್ರಕಾರ ಅವನ ಚೂಪು ಟೋಪಿ, ಚೂಪು ಗಡ್ಡದ ಮುಖವನ್ನು ದೊಡ್ಡ ಪದಕದಲ್ಲಿ ಇಳಿಸಿದ. ಯುರೋಪಿನ ಮುಖಪದಕಗಳ ಪರಂಪರೆ ಅಲ್ಲಿಂದಲೇ ಶುರು ಅಂತ ಹೇಳುತ್ತಾರೆ. ಅಸಲಿ ನಮ್ಮ ಕೈಗೆ ಬರುವ ಮಾತಿಲ್ಲ, ಲಂಡನ್ನಿನ ಮ್ಯೂಸಿಯಂನಲ್ಲಿ ನೋಡಬಹುದು.

ಇನ್ನೊಂದು ನಮ್ಮದೇ ನೆಲದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಮಾಡಿಸಿತು. ಮಾಡಿದ್ದು ನೀವಿರುವ ಕಡೆಯೇ, ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ. ಅಚ್ಚು ಕೊರೆದವನು ಕೂಚ್ಲರ್. ಒಂದು ಕಡೆ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿದೆ, ಹುಲಿ ಟಿಪ್ಪುವಿನ ಲಾಂಛನ ಅಂತ ನಿಮಗೆ ಗೊತ್ತೇ ಇದೆ. ಇನ್ನೊಂದು ಕಡೆ ಕೋಟೆಗೆ ನುಗ್ಗುವ ಸೈನ್ಯ, ಹಿಂದೆ ಶ್ರೀರಂಗಪಟ್ಟಣ. ಹಿರಿಯ ಅಧಿಕಾರಿಗಳಿಗೆ ಚಿನ್ನ, ಆಮೇಲೆ ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ. ಗೆದ್ದವರು ಮಾಡಿದ ಪದಕವನ್ನು ಸೋತ ನೆಲದವರು ಕೈಯಲ್ಲಿ ಹಿಡಿದು ನೋಡುವಾಗ ಎದೆ ಭಾರವಾಗುತ್ತದೆ. ಆದರೂ ಕನ್ನಡದ ಸಂಗ್ರಹಕಾರರ ಹತ್ತಿರ ಇದೊಂದು ಇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಕಂಚು, ತವರದವು ಬ್ರಿಟನ್ನಿನ ಹರಾಜಿನಲ್ಲಿ ಆಗಾಗ ಬರುತ್ತವೆ. ಸೋಹೋದ್ದು 48 ಮಿಲಿಮೀಟರ್, ಕಲ್ಕತ್ತದಲ್ಲಿ ಮಾಡಿದ್ದು ಅದಕ್ಕಿಂತ ಸ್ವಲ್ಪ ಚಿಕ್ಕದು. ಬೆಲೆ ನಿಮ್ಮ ಲೆಕ್ಕಕ್ಕೆ ಹಲವು ತಿಂಗಳ ದುಡ್ಡು, ಎರಕದ ನಕಲು ಇದಕ್ಕೂ ಇವೆ, ಆತುರ ಬೇಡ.

ಕಾಗದದ ಮಾತು. ಪ್ರತಿ ನಾಣ್ಯದ ಬಿಲ್ಲು, ಹಳೇ ಚೀಟಿ, ಹಿಂದಿನ ಮಾಲೀಕರ ಸಂಗ್ರಹದ ವಿವರ ಎಲ್ಲ ಇಟ್ಟುಕೊಳ್ಳಿ. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಹೊರಡಿಸಿದ, ಎರಡು ಕಠಾರಿಗಳ ಚಿತ್ರವಿರುವ ಚಿನ್ನದ ನಾಣ್ಯವೊಂದು 2020ರಲ್ಲಿ ಲಂಡನ್ನಿನಲ್ಲಿ 30 ಲಕ್ಷ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. ಅದರ ಹಿಂದಿನ ಮಾಲೀಕತ್ವದ ಕತೆ ಕಟ್ಟಿದ್ದು ಅಂತ ಆಮೇಲೆ ಬಯಲಾಯಿತು, 2023ರಲ್ಲಿ ಅದು ಗ್ರೀಸ್ ದೇಶಕ್ಕೆ ವಾಪಸ್ ಹೋಯಿತು. ನಾಣ್ಯ ಅಸಲಿ, ಕಾಗದ ಸುಳ್ಳು. ಸಣ್ಣ ಮಟ್ಟದಲ್ಲೂ ಅದೇ ನಿಯಮ. ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ: ಹೊಲದಲ್ಲಿ ಸಿಕ್ಕಿದ್ದನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್. 2010ರಲ್ಲಿ ಸಾಮರ್ಸೆಟ್‌ನ ಫ್ರೋಮ್ ಬಳಿ ಒಂದೇ ಗಡಿಗೆಯಲ್ಲಿ 52,503 ರೋಮನ್ ನಾಣ್ಯ ಸಿಕ್ಕಾಗ, ಕಂಡವರು ತಾವೇ ಅಗೆಯದೆ ಪುರಾತತ್ವದವರನ್ನು ಕರೆದರು. ಅದರಿಂದ ಗಡಿಗೆಯಲ್ಲಿ ಯಾವ ನಾಣ್ಯ ಮೇಲೆ, ಯಾವುದು ಕೆಳಗೆ ಅನ್ನೋದೂ ದಾಖಲಾಯಿತು. ಈ ಯೋಜನೆಯ ನೋಂದಣಿ ಸಂಖ್ಯೆ ಇರುವ ನಾಣ್ಯಗಳು ಅಂಗಡಿಗೂ ಬರುತ್ತವೆ. ನಾಲ್ಕು ಪೌಂಡ್ ಜಾಸ್ತಿಯಾದರೂ ಅಂಥದ್ದನ್ನೇ ತಗೊಳ್ಳಿ, ಯಾವ ಊರಿನ ಮಣ್ಣಿನದ್ದು ಅಂತ ನಿಮಗೆ ಗೊತ್ತಿರುತ್ತದೆ.

ಇಟ್ಟುಕೊಳ್ಳುವ ಬಗ್ಗೆ ಸ್ವಲ್ಪ. ಹುಣಸೆಹಣ್ಣು, ನಿಂಬೆಹುಳಿ, ಪೀತಾಂಬರಿ ಯಾವುದೂ ಹತ್ತಿರ ಬರಕೂಡದು. ತಾಮ್ರದ ಮೇಲಿನ ಆ ಹಸಿರು, ಕಂದು ಪದರ ಶತಮಾನಗಳಲ್ಲಿ ಕೂತದ್ದು, ಅಕ್ಷರಗಳು ಉಳಿದಿರುವುದೂ ಅದರಲ್ಲೇ. ತಿಕ್ಕಿದರೆ ನಾಣ್ಯವೇ ಹೋಯಿತು. ಆದರೆ ಬೆರಳಿಗೆ ಹತ್ತುವ ತಿಳಿಹಸಿರು ಪುಡಿ ಎದ್ದರೆ ಬೇರೆ ವಿಷಯ, ಲೋಹದೊಳಗಿನ ಕ್ಲೋರೈಡ್ ಗಾಳಿಯ ತೇವಕ್ಕೆ ಕೆರಳಿದೆ ಅಂತ ಅರ್ಥ. ಆ ನಾಣ್ಯವನ್ನು ತಕ್ಷಣ ಬೇರೆ ಮಾಡಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಟ್ಟು ತಿಳಿದವರಿಗೆ ತೋರಿಸಿ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಅದು ಕಾಲಕ್ರಮೇಣ ಅಂಟು ಬಿಡುತ್ತದೆ.

ನಿಮ್ಮ ಅಜ್ಜ ಹೇಳಿದ್ದು ನಿಜ. ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದ ನಿಧಿಯಲ್ಲಿ ಐದು, ಆರನೇ ಶತಮಾನದ ರೋಮನ್-ಬೈಜಾಂಟೈನ್ ನಾಣ್ಯಗಳಿದ್ದವು. ಬನವಾಸಿಯ ಕದಂಬರ ಕಾಲಕ್ಕೆ ಕಾನ್‌ಸ್ಟಾಂಟಿನೋಪಲ್‌ನ ಚಿನ್ನ ನಿಮ್ಮೂರ ತನಕ ಬಂದಿತ್ತು ಅಂದರೆ ಮೈ ಜುಮ್ ಅನ್ನುತ್ತದೆ ಅಲ್ವಾ? ಸಾಲಿಡಸ್ ಅನ್ನುವ ಆ ಚಿನ್ನದ ನಾಣ್ಯ ಒಂದು ರೋಮನ್ ಪೌಂಡ್ ತೂಕಕ್ಕೆ 72ರಂತೆ, ಸುಮಾರು ನಾಲ್ಕೂವರೆ ಗ್ರಾಂ, ಹನ್ನೊಂದನೇ ಶತಮಾನದ ತನಕ ಹೆಚ್ಚುಕಡಿಮೆ ಅದೇ ಶುದ್ಧತೆ ಉಳಿಸಿಕೊಂಡಿತ್ತು. ಅದಕ್ಕೇ ಎಲ್ಲ ಕಡೆ ಒಪ್ಪುತ್ತಿದ್ದರು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲೆ ಎರಡು ತೂತು ಇರುತ್ತವೆ, ಆಭರಣವಾಗಿ ಪೋಣಿಸಿಕೊಂಡದ್ದು. ನಮ್ಮ ಕಾಸಿನ ಸರ ನೋಡಿದವರಿಗೆ ಇದು ಹೊಸದಾಗಿ ಕಾಣುವುದಿಲ್ಲ. ಯುರೋಪಿನ ಸಂಗ್ರಹಕಾರರು ತೂತು ಅಂದರೆ ದೋಷ ಅನ್ನುತ್ತಾರೆ, ನನಗೆ ಆ ತೂತೇ ಅತಿ ಮುಖ್ಯ.

ಬೆಳ್ಳಿ ಅದಕ್ಕೂ ಹಿಂದೆಯೇ ಬಂದಿತ್ತು. 1891ರಲ್ಲಿ ಯಶವಂತಪುರದ ಬಳಿ, 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ಕಡೆ ದಿನಾರಿಯಸ್ ರಾಶಿಗಳು ಸಿಕ್ಕವು, ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕಿವೆ. ಇಲ್ಲೆಲ್ಲ ಅಗಸ್ಟಸ್, ಅವನ ನಂತರದ ಟೈಬೀರಿಯಸ್ ಮುಖಗಳೇ ಮುಖ್ಯ. ನೀರೋ ಬೆಳ್ಳಿ ಇಳಿಸುವ ಮೊದಲಿನ ಒಳ್ಳೇ ನಾಣ್ಯವನ್ನೇ ನಮ್ಮ ಕಡೆಯ ವ್ಯಾಪಾರಿಗಳು ಕೇಳಿ ಪಡೆಯುತ್ತಿದ್ದರು ಅನ್ನೋದು ಅದಕ್ಕೆ ಕೊಡುವ ವಿವರಣೆ. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಟಿಯಸ್ ಎಳೆದುಕೊಳ್ಳುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ ಗೊಣಗಿದ್ದು ಆ ಶತಮಾನದಲ್ಲೇ. ನಿಮ್ಮ ಸಂಗ್ರಹಕ್ಕೆ ಒಂದು ಗುರಿ ಬೇಕು ಅಂದರೆ ನಾನು ಇದನ್ನೇ ಸೂಚಿಸುತ್ತೇನೆ: ಕರ್ನಾಟಕಕ್ಕೆ ಬಂದು ಮುಟ್ಟಿದ ಬಗೆಯ ನಾಣ್ಯಗಳು. ಟೈಬೀರಿಯಸ್ ಮುಖ, ಹಿಂದೆ ಕುಳಿತ ಹೆಂಗಸು. ಅಗಸ್ಟಸ್ ಮುಖ, ಹಿಂದೆ ಗುರಾಣಿ ಹಿಡಿದು ನಿಂತ ಅವನ ಮೊಮ್ಮಕ್ಕಳಿಬ್ಬರು. ಇವು ಎರಡು ಮೂರು ತಿಂಗಳು ದುಡ್ಡು ಕೂಡಿಸಿದರೆ ಸಿಗುವಂಥವೇ, ಕೊಂಚ ಸವೆದಿದ್ದರೂ ಪರವಾಗಿಲ್ಲ.

ಕೊನೆಗೆ ಊರಿಗೆ ತರುವ ವಿಷಯ. ಬ್ರಿಟನ್ನಿನ ಮಣ್ಣಿನಲ್ಲಿ ಸಿಕ್ಕ ನಾಣ್ಯವಾದರೆ ಹೊರಗೆ ಒಯ್ಯಲು ಅಲ್ಲಿನ ರಫ್ತು ಪರವಾನಗಿ ಬೇಕು. ನಮ್ಮಲ್ಲಿ 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂದರೆ ರಜೆಗೆ ಬಂದಾಗ ಮನೆಯವರಿಗೆ ತೋರಿಸೋಣ ಅಂತ ಸುಮ್ನೆ ಪರ್ಸಿನಲ್ಲಿ ಹಾಕಿಕೊಂಡು ಬಂದರೆ, ವಾಪಸ್ ಹೋಗುವಾಗ ವಿಮಾನ ನಿಲ್ದಾಣದಲ್ಲಿ ತೊಂದರೆ ಆಗುತ್ತದೆ. ರಜೆಗೆ ಫೋಟೋ ಸಾಕು. ಪೂರ್ತಿ ವಾಪಸ್ ಬರುವ ದಿನ ಬಂದಾಗ ಎಲ್ಲ ಬಿಲ್ಲುಗಳ ಜೊತೆ ಕಸ್ಟಮ್ಸ್ ಏಜೆಂಟರನ್ನು ಮೊದಲೇ ಕಂಡು, ಘೋಷಿಸಿಯೇ ತನ್ನಿ. ಮತ್ತೆ ಊರಿನಲ್ಲಿ ಯಾರಾದರೂ ಹೊಲದಲ್ಲಿ ಸಿಕ್ಕಿತು ಅಂತ ಹಳೇ ಕಾಸು ತೋರಿಸಿದರೆ, ಎಷ್ಟೇ ಆಸೆಯಾದರೂ ಕೊಳ್ಳಬೇಡಿ. ನಿಧಿ ಕಾಯ್ದೆ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಹಾವೇರಿಯಲ್ಲಿ ಅವರ ಕಚೇರಿಗೆ ಒಂದು ಅರ್ಜಿ ಕೊಡಲು ಕಾಸು ಸಿಕ್ಕವರಿಗೆ ನೀವೇ ಸಹಾಯ ಮಾಡಿ.